ಮೈದಾ ಇಲ್ಲದ ಬಿಸ್ಕತ್ತು

ಸಂಜೆ ಶಾಲೆ ಬಿಟ್ಟ ಕೂಡಲೇ ಮಕ್ಕಳು ಬೇಕರಿಯ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನಿಲ್ಲುತ್ತಿದ್ದರು.

"ಬಿಸ್ಕತ್ತಕ್ಕಾ, ನಂಗೆ ಕಣ್ಣಿನ ಬಿಸ್ಕತ್ತು! ನಗ್ತಾ ಇರೋದೇ ಕೊಡಿ!"

ಎರಡು ಒಣದ್ರಾಕ್ಷಿ ಕಣ್ಣು, ಚಮಚದಿಂದ ಗೀರಿದ ಒಂದು ಬಾಯಿ. ಅದಕ್ಕೇ ಇಷ್ಟು ನೂಕುನುಗ್ಗಲು. ಗಾಜಿನ ಮೇಲೆಲ್ಲ ಮೂಗಿನ ಗುರುತು, ಸಿಂಬಳದ ಗೆರೆ. ಬಿಸ್ಕತ್ತಕ್ಕ ಬೈಯುತ್ತಲೇ ಒರೆಸುತ್ತಿದ್ದಳು, ಒರೆಸುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದಳು.

ಹಿಗ್ಗಲು ಕಾರಣವಿತ್ತು. ಆ ಬಿಸ್ಕತ್ತಿಗೆ ಅವಳು ಮೈದಾ ಸೋಕಿಸುತ್ತಿರಲಿಲ್ಲ. ಎದುರಿನ ಹೊಲಿಗೆ ಅಂಗಡಿಯಾಕೆಯ ಮಗಳು ಗುಬ್ಬಿಗೆ ಗೋಧಿ ಆಗದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಅವಳ ಕರುಳನ್ನೇ ಕೆಡಿಸುತ್ತದೆ, ಒಂದು ಚೂರೂ ಹೊಟ್ಟೆಗೆ ಹೋಗಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಉಳಿದ ಮಕ್ಕಳು ಬಾಯ್ತುಂಬ ತಿನ್ನುವಾಗ ಆ ಹುಡುಗಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಬಿಸ್ಕತ್ತಕ್ಕನಿಗೆ ನೋಡಲಾಗಲಿಲ್ಲ. ಅಕ್ಕಿಹಿಟ್ಟು, ಕಡಲೆಕಾಯಿ ಪುಡಿ, ಬೆಣ್ಣೆ, ಮಾಗಿದ ಬಾಳೆಹಣ್ಣು ಇಟ್ಟುಕೊಂಡು ಹಟಕ್ಕೆ ಬಿದ್ದಳು. ಬೆಳಿಗ್ಗೆ ಮೈದಾ ಮೂಟೆಯ ಬಾಯಿ ಬಿಚ್ಚುವ ಮೊದಲೇ ಬೇರೆ ಮೇಜಿನ ಮೇಲೆ, ಬೇರೆ ಬೋಗುಣಿಯಲ್ಲಿ ಕಲಸಿಡುತ್ತಿದ್ದಳು. ಮಧ್ಯಾಹ್ನ ಅವಳು ಗಿರಾಕಿಗಳನ್ನು ನೋಡಿಕೊಳ್ಳುವಾಗ, ಜೊತೆಗೆ ಬೇಕರಿ ನಡೆಸುತ್ತಿದ್ದ ಅವಳ ಅಣ್ಣ ಅದನ್ನು ಲಟ್ಟಿಸಿ, ಕತ್ತರಿಸಿ ಬೇಯಿಸುತ್ತಿದ್ದ.

ಮೊದಮೊದಲು ಮರಳು ತಿಂದ ಹಾಗಿತ್ತು. ಮುಟ್ಟಿದರೆ ಪುಡಿ. ಮಕ್ಕಳು ಅವಳ ಮುಖ ನೋಡಿ ದಾಕ್ಷಿಣ್ಯಕ್ಕೆ ಬಾಯಿಗಿಟ್ಟುಕೊಂಡು, ಆಚೆ ಹೋಗಿ ಚರಂಡಿಗೆ ಉಗಿದರು. ಅವಳು ಅತ್ತೇಬಿಟ್ಟಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಕೈಗೂಡಿತು. ಅಂಚು ಗರಿಗರಿ, ಒಳಗೆ ಮೆತ್ತಗೆ, ಜೇಬಿನಲ್ಲಿಟ್ಟುಕೊಂಡು ಓಡಿದರೂ ಮುರಿಯದು.

"ನಿನ್ನ ಕೈಗುಣ ಕಣೇ" ಎಂದಿದ್ದ ಅಣ್ಣ.

ಅವತ್ತು ಮಕ್ಕಳ ಹಿಂದೆಯೇ ಹೊಲಿಗೆ ಅಂಗಡಿಯಾಕೆಯೂ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಕಣ್ಣು ಕೆಂಪಾಗಿದ್ದವು.

"ಗುಬ್ಬಿಗೆ ಮತ್ತೆ ವಾಂತಿ ಅಕ್ಕಾ. ಹೊಟ್ಟೆ ಹೆಂಗೆ ಊದ್ಕೊಂಡಿದೆ ಗೊತ್ತಾ? ಸ್ಕೂಲಲ್ಲಿ ಯಾರ್ದೋ ಡಬ್ಬಿಗೆ ಕೈ ಹಾಕಿರ್ಬೇಕು. ಕೇಳಿದ್ರೆ ಇಲ್ಲ ಇಲ್ಲ ಅಂತ ಒಂದೇ ಹಟ. ಕದ್ದಿದ್ದೂ ಅಲ್ದೆ ಸುಳ್ಳು ಬೇರೆ ಅಂತ ಸ್ಕೇಲ್ ತಗೊಂಡು ಬಾರಿಸ್ಬಿಟ್ಟೆ."

"ಅಯ್ಯೋ, ಹೊಡೀಬೇಡಮ್ಮ. ಮಗು ತಾನೆ, ಆಸೆ ಆಗಿರುತ್ತೆ" ಎಂದಳು ಬಿಸ್ಕತ್ತಕ್ಕ, ಕಣ್ಣಿನ ಬಿಸ್ಕತ್ತನ್ನು ಪೊಟ್ಟಣಕ್ಕೆ ಹಾಕುತ್ತ. "ಹೊಟ್ಟೆ ಸರಿಹೋದ್ಮೇಲೆ ಇದನ್ನಾದ್ರೂ ತಿನ್ನಲಿ."

ಒಲೆಮನೆಯಿಂದ ಬಂದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಪೊಟ್ಟಣಕ್ಕೆ ತಾನೇ ಇನ್ನೆರಡು ಬಿಸ್ಕತ್ತು ಸೇರಿಸಿ, "ನಮ್ಮ ಗುಬ್ಬಿಗೆ" ಎಂದು ಕಟ್ಟಿಕೊಟ್ಟ.

ಮರುದಿನ ಮಧ್ಯಾಹ್ನ ಪೊಟ್ಟಣ ಕಟ್ಟುವ ಕಾಗದ ಮುಗಿದು ಬಿಸ್ಕತ್ತಕ್ಕ ಒಳಗೆ ಹೋದಳು. ಅಣ್ಣ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಮೂಟೆಗೆ ಕೈ ಹಾಕಿ ಒಂದು ಹಿಡಿ ಮೈದಾ ತೆಗೆದು ಅವಳು ಕಲಸಿಟ್ಟ ಹಿಟ್ಟಿನ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ ಒತ್ತಿ ನಾದಿದ. ಇವತ್ತೇ ಮೊದಲು ಮಾಡುವವನ ಕೈ ಅದಾಗಿರಲಿಲ್ಲ.

"ಏನಣ್ಣಾ ಅದು?"

ಅವನು ಬೆಚ್ಚಿಬಿದ್ದ. ಆಮೇಲೆ ನಕ್ಕ.

"ಒಂದೇ ಹಿಡಿ ಕಣೇ. ಇಲ್ದಿದ್ರೆ ನಿನ್ನ ಬಿಸ್ಕತ್ತನ್ನ ತಟ್ಟೆಯಿಂದ ಎತ್ತೋಕೇ ಆಗಲ್ಲ."

"ಯಾವತ್ತಿಂದ?"

"ಅವತ್ತು ನೀನು ಅತ್ಬಿಟ್ಟೆಯಲ್ಲ, ಅದರ ಮಾರನೇ ದಿನದಿಂದ. ನೋಡೋಕಾಗ್ಲಿಲ್ಲ. ನಿನಗೋಸ್ಕರಾನೇ ಮಾಡಿದ್ದು."

"ಗುಬ್ಬಿಗೆ ಆಗಲ್ಲ ಅಂತ ಗೊತ್ತಿದ್ದೂ?"

"ಏನ್ ಆಗಲ್ಲ? ನಮ್ಮಜ್ಜಿ ಕಾಲದಲ್ಲಿ ಇತ್ತಾ ಈ ಕಾಯಿಲೆ? ಊರೆಲ್ಲ ತಿನ್ನೋ ಗೋಧಿ ಇವಳೊಬ್ಳಿಗೆ ವಿಷಾನಾ? ಡಾಕ್ಟ್ರು ಏನೋ ಒಂದು ಹೆದರಿಸ್ತಾನೇ ಇರ್ತಾರೆ. ಗೊತ್ತಿಲ್ದೆ ತಿಂದ್ರೆ ಏನೂ ಆಗಲ್ಲ ಅಂದ್ಕೊಂಡೆ."

"ಆಯ್ತು, ನೀನು ನಂಬ್ಲಿಲ್ಲ. ನಿನ್ನೆ? ವಾಂತಿ ಅಂದ್ಲು, ಹೊಡ್ದೆ ಅಂದ್ಲು. ನೀನು ಅಲ್ಲೇ ನಿಂತಿದ್ದೆ. ಮೇಲೆ ಎರಡು ಜಾಸ್ತಿ ಕಟ್ಟಿಕೊಟ್ಟೆ!"

ಅಣ್ಣ ಬೆರಳಿಗಂಟಿದ ಹಿಟ್ಟನ್ನು ಉಜ್ಜತೊಡಗಿದ. "ಸುಮ್ನೆ ನಿಂತಿದ್ರೆ ಅನುಮಾನ ಬರ್ತಿತ್ತು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಜೊತೆಯಲ್ಲಿ ಹುಟ್ಟಿ ಬೆಳೆದವನು, ಒಂದೇ ತಟ್ಟೆಯಲ್ಲಿ ಉಂಡವನು. ಆ ಒದ್ದೆ ಬೆರಳುಗಳನ್ನು ನೋಡಿದರೆ ಈಗ ಮೈಯೆಲ್ಲ ಮುಳ್ಳೇಳುತ್ತಿತ್ತು. ತಾನು ಹಿಗ್ಗಿದ್ದೂ ಹೇಸಿಗೆ ಅನ್ನಿಸಿತು. ಎಲ್ಲಕ್ಕಿಂತ ಅಸಹ್ಯವಾದದ್ದು ತನ್ನದೇ ಮಾತು: ಮಗು ತಾನೆ, ಆಸೆ ಆಗಿರುತ್ತೆ. ಎಷ್ಟು ಅಕ್ಕರೆಯಿಂದ ಆ ಹುಡುಗಿಯನ್ನು ಕಳ್ಳಿ ಮಾಡಿದ್ದಳು! ಬೋಗುಣಿ ಎತ್ತಿ ಹಿಟ್ಟನ್ನೆಲ್ಲ ಕಸದ ಡಬ್ಬಕ್ಕೆ ಸುರಿದಳು.

"ನಡಿ. ನೀನೇ ಬಂದು ಹೇಳು."

"ನೀನೇ ಹೇಳೇ, ನಿನ್ನ ಮಾತು ಕೇಳ್ತಾಳೆ. ನನ್ನ ಮರ್ಯಾದೆ..."

"ಆ ಮಗೂಗೆ ಮರ್ಯಾದೆ ಇಲ್ವಾ?"

ಹೊಲಿಗೆ ಅಂಗಡಿಯ ಹಿಂಭಾಗದಲ್ಲಿ ಗುಬ್ಬಿ ಬಟ್ಟೆಯ ಗಂಟಿಗೊರಗಿ, ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ಪಕ್ಕದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಆಗತಾನೇ ಕಾರಿದ್ದು ಹಾಗೇ ಇತ್ತು. ಹುಳಿ ನಾತ. ಹಳದಿ ನೀರಿನ ನಡುವೆ ಒಂದು ಒಣದ್ರಾಕ್ಷಿ. ಬಿಸ್ಕತ್ತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾತಕ್ಕಲ್ಲ.

"ಅದೇನಂದ್ರೆ ತಾಯೀ," ಅಣ್ಣ ಗೋಡೆ ನೋಡುತ್ತ ಶುರುಮಾಡಿದ, "ಹಿಟ್ಟಲ್ಲಿ ಏನೋ ಸ್ವಲ್ಪ ಹೆಚ್ಚುಕಡಿಮೆ ಆಗಿರ್ಬೋದು..."

"ಆಗಿರ್ಬೋದಾ?" ಎಂದಳು ತಂಗಿ.

ದನಿ ಕೇಳಿ ಗುಬ್ಬಿ ಕಣ್ಣು ಬಿಟ್ಟಳು. ಮೀನಖಂಡದ ಮೇಲೆ ಸ್ಕೇಲಿನ ಬಾಸುಂಡೆಗಳು ಕಂಡವು.

"ಮಾಮಾ, ನಾನು ಯಾರ್ ಡಬ್ಬೀನೂ ಮುಟ್ಟಿಲ್ಲ. ನೀವಾದ್ರೂ ಅಮ್ಮಂಗೆ ಹೇಳಿ."

ಅಣ್ಣ ಗೋಡೆಯಿಂದ ಕಣ್ಣು ತೆಗೆದ. ಅವನು ಆ ಕಾಲುಗಳನ್ನೇ ನೋಡಿದ.

"ಮುಟ್ಟಿಲ್ಲಮ್ಮ ಅವಳು. ಬಿಸ್ಕತ್ತಿಗೆ ಮೈದಾ ಹಾಕಿದ್ದು ನಾನು. ದಿನಾ ಹಾಕ್ತಿದ್ದೆ. ನಿನ್ನೆ ನೀವು ಬಂದಾಗ್ಲೂ ಗೊತ್ತಿತ್ತು."

ಹೊಲಿಗೆಯಾಕೆ ಕೂಗಾಡುತ್ತಾಳೆಂದು ಇಬ್ಬರೂ ಕಾದರು. ಅವಳು ಅವರ ಕಡೆ ತಿರುಗಲೇ ಇಲ್ಲ. ಮಗಳ ಕಾಲ ಮೇಲೆ ಕೈಯಿಟ್ಟು, "ನಂಗೆ ಬಿಡಿಸಿ ಹೇಳ್ಬಾರ್ದಿತ್ತಾ ಪುಟ್ಟಾ?" ಎಂದಳು.

"ಹೇಳಿದ್ನಲ್ಲಮ್ಮಾ."

ಅಣ್ಣ ಬಗ್ಗಿ ಬೇಸಿನ್ ಎತ್ತಿಕೊಂಡ. ಮಾಡೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬೀದಿ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತೊಳೆಯತೊಡಗಿದ. ಬೇಕರಿಯ ಮುಂದೆ ಕಾಯುತ್ತಿದ್ದ ಗಿರಾಕಿಗಳು ಅತ್ತ ತಿರುಗಿದರು. ಒಬ್ಬರು ಮೂಗು ಮುಚ್ಚಿಕೊಂಡೇ ಕೇಳಿದರು:

"ಏನ್ ಯಜಮಾನ್ರೇ, ಅಂಗಡಿ ಬಿಟ್ಟು ಏನ್ ತೊಳೀತಿದ್ದೀರಿ?"

ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ತಂಗಿ, ಈಗೇನು ಸುಳ್ಳು ಹೇಳುತ್ತಾನೋ ಎಂದು ಹಲ್ಲು ಕಚ್ಚಿದಳು. ಅವನು ನಲ್ಲಿ ನಿಲ್ಲಿಸಿದ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಆ ಮಗೂಗೆ ನಾನು ತಿನ್ನಿಸಿದ್ದನ್ನ" ಎಂದ.