ಚಿನ್ನಕ್ಕೆ ತಾಗಬಾರದ ಕ್ರೀಮು

ಮಗು ಅಳುತ್ತಿದ್ದರೆ ಕಾರಣ ಹೇಳುವವರಿಗೆ ನಮ್ಮ ಕಡೆ ಕೊರತೆಯಿಲ್ಲ. ಹಲ್ಲು ಬರುತ್ತಿರಬೇಕು, ಹೊಟ್ಟೆಯಲ್ಲಿ ಹುಳ ಇರಬೇಕು, ಯಾರದ್ದೋ ದೃಷ್ಟಿ ತಾಗಿರಬೇಕು. ಆದರೆ ಮಗುವಿನ ತಾಯಿ ಕೆಲಸಕ್ಕೆ ಹೋಗುವವಳಾದರೆ ಇಷ್ಟೆಲ್ಲ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಅವಳು ಮನೆಯಲ್ಲಿಲ್ಲ, ಅದಕ್ಕೇ ಮಗು ಅಳುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಮೂಡಿಗೆರೆ ಕಡೆಯ ಜಾವಳಿ ಎಂಬ ಊರಿನ ದೀಪಶ್ರೀಯ ಮಗಳು ಗಗನಾಗೆ ಎರಡೂವರೆ ವರ್ಷ. ಕಾಫಿ ಕೊಯ್ಲು ಮುಗಿಯುವವರೆಗೂ ಕಣದ ತುಂಬ ಓಡಾಡಿಕೊಂಡಿದ್ದ ಮಗು, ಕೊಯ್ಲು ಮುಗಿದ ಮೇಲೆ ಇದ್ದಕ್ಕಿದ್ದಂತೆ ನಡೆಯಲು ಒಲ್ಲೆ ಎನ್ನತೊಡಗಿತು. ಕಾಲು ತೋರಿಸಿ ಅಳುತ್ತಿತ್ತು. ಊಟ ಬೇಡ, ಸರಿಯಾಗಿ ನಿದ್ದೆ ಇಲ್ಲ. ಅಂಗೈ ಅಂಗಾಲುಗಳು ಕೆಂಪಾಗಿ ಬೆವರುತ್ತಿದ್ದವು, ಬೆರಳ ತುದಿಯ ಚರ್ಮ ಏಳುತ್ತಿತ್ತು. ಶಕ್ತಿಯ ಸಿರಪ್ ಕುಡಿಸಿದ್ದಾಯಿತು. ಅದರಿಂದ ಏನೂ ಆಗಲಿಲ್ಲ.

ದೀಪಶ್ರೀಯ ಅತ್ತೆ ನಂಜಮ್ಮ ಕೆಟ್ಟವರಲ್ಲ. ಹಗಲೆಲ್ಲ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗುವವರು ಅವರೇ. ಸುಸ್ತಾದಾಗ ಬಾಯಿಗೆ ಬಂದ ಮಾತು ಹೊರಗೆ ಬೀಳುತ್ತಿತ್ತು.

“ನೀನು ಮನೇಲಿದ್ದಿದ್ರೆ ಇದು ಹೀಗಾಗ್ತಿತ್ತಾ ದೀಪ? ನಾನೆಷ್ಟು ಎತ್ಕಂಡ್ರೂ ನಾನು ಅಜ್ಜಿ. ಅದಕ್ಕೆ ಬೇಕಾಗಿರದು ಅವ್ವನ ಮೈ ಬಿಸಿ.”

ದೀಪಶ್ರೀ ಏನೂ ಹೇಳುತ್ತಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ರಾಜೀವ್ ಕಳಸದ ಹತ್ತಿರ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದೆ ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸುವ ಗಡಿಬಿಡಿ ಅವನಿಗೆ. ಮನೆಗೆ ಬರುವುದು ಭಾನುವಾರ ಮಾತ್ರ. ದೀಪಶ್ರೀ ಕೊಟ್ಟಿಗೆಹಾರದ ಬಳಿಯ ಒಂದು ರೆಸಾರ್ಟಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದಳು. ಪ್ರವಾಸಿಗರು ತುಂಬಿ ತುಳುಕುವುದು ಭಾನುವಾರವೇ. ಅವಳು ಹಿಂತಿರುಗುವ ಹೊತ್ತಿಗೆ ಅವನು ಹೊರಟಿರುತ್ತಿದ್ದ. ತೊಳೆದಿಟ್ಟ ಅವನ ಊಟದ ತಟ್ಟೆ ಬೋರಲು ಬಿದ್ದಿರುತ್ತಿತ್ತು.

“ಮಗು ಅಳೋದು ನೋಡೋಕಾಗಲ್ಲ ನಂಗೆ,” ಎಂದು ಅವನು ಫೋನಿನಲ್ಲಿ ಹೇಳಿದ. “ಈ ತಿಂಗ್ಳು ಮುಗಿಸಿ ಕೆಲ್ಸ ಬಿಟ್ಬಿಡು.”

“ಬಿಟ್ರೆ ಸರಿಹೋಗ್ತಾಳಾ?”

“ಅವ್ವ ಹಂಗಂತಾರೆ.”

ಅವಳಿಗೆ ಆ ಕೆಲಸ ಬೇಕಿತ್ತು. ಬಿ.ಕಾಂ. ಓದಿ ನಾಲ್ಕು ವರ್ಷ ಸುಮ್ಮನೆ ಕೂತ ಮೇಲೆ ಸಿಕ್ಕಿದ್ದು. ಊರಿನಲ್ಲಿ ಅವಳು ರಾಜೀವನ ಹೆಂಡತಿ, ಗಗನಾಳ ತಾಯಿ. ರೆಸಾರ್ಟಿನಲ್ಲಿ ಮಾತ್ರ ಜನ ಅವಳನ್ನು ಅವಳ ಹೆಸರಿನಿಂದ ಕರೆಯುತ್ತಿದ್ದರು. ಇದನ್ನು ಅತ್ತೆಗೆ ಹೇಗೆ ವಿವರಿಸುವುದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಗು ಇನ್ನೂ ಚೆನ್ನಾಗಿದ್ದಾಗ, ಮ್ಯಾನೇಜರ್ ಒಂದು ಮಾತು ಹೇಳಿದ್ದ. “ಗೆಸ್ಟ್ ಮೊದ್ಲು ನೋಡೋದು ನಿಮ್ಮ ಮುಖ. ಸ್ವಲ್ಪ ಫ್ರೆಶ್ ಆಗಿ ಬನ್ನಿ.” ಮಗುವಿಗೆ ಉಣಿಸಿ, ತಲೆ ಬಾಚಿ, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವವಳಿಗೆ ಕನ್ನಡಿಯ ಮುಂದೆ ನಿಲ್ಲಲು ಸಮಯವೆಲ್ಲಿ? ಜೊತೆಗೆ ಕೆಲಸ ಮಾಡುವ ರೇವತಿ ಒಂದು ಸುಲಭದ ದಾರಿ ತೋರಿಸಿದಳು. ಒಂದು ಸಣ್ಣ ಬಿಳಿ ಡಬ್ಬಿ. ಅವಳು ಅದನ್ನು ಮೊಬೈಲಿನಲ್ಲಿ, ಯಾವುದೋ ಗುಂಪಿನಲ್ಲಿ ನೋಡಿ ತರಿಸಿದ್ದಳು.

“ಮಲಗೋ ಮುಂಚೆ ಹಚ್ಕೋ ಅಕ್ಕ. ಬೆಳಿಗ್ಗೆ ಪೌಡ್ರೂ ಬೇಡ, ಏನೂ ಬೇಡ. ಮುಖ ತೊಳ್ಕೊಂಡು ಬಂದ್ಬಿಡು. ಆದ್ರೆ ಮೂಗುಬೊಟ್ಟು, ಓಲೆ ತೆಗೆದಿಡ್ಬೇಕು. ಚಿನ್ನಕ್ಕೆ ತಾಗಿಸ್ಬಾರ್ದಂತೆ.”

ಕೆಲವೇ ವಾರಗಳಲ್ಲಿ ಮುಖ ಬೆಳ್ಳಗಾಯಿತು. ಮ್ಯಾನೇಜರ್ ಮತ್ತೆ ಏನೂ ಹೇಳಲಿಲ್ಲ. ದೀಪಶ್ರೀ ಡಬ್ಬಿಯನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟಳು. ಮಗುವನ್ನು ಬಿಟ್ಟು ಹೋಗುವವಳಿಗೆ ಬಣ್ಣದ ಚಿಂತೆ ಬೇರೆ ಎಂದು ಅತ್ತೆ ಅಂದುಕೊಂಡಾರು ಎಂಬ ಅಳುಕು.

ಹಗಲು ಕೊಡಲಾಗದ್ದನ್ನು ಅವಳು ರಾತ್ರಿ ಕೊಡುತ್ತಿದ್ದಳು. ಗಗನಾಳನ್ನು ಎದೆಗೆ ಒತ್ತಿಕೊಂಡು, ಕೆನ್ನೆಗೆ ಕೆನ್ನೆ ಇಟ್ಟು ಮಲಗುತ್ತಿದ್ದಳು. ದಿನದಲ್ಲಿ ಅವಳಿಗೆ ಒಂಟಿ ಅನ್ನಿಸದ ಹೊತ್ತು ಅದೊಂದೇ. ಮಗು ಹೆಚ್ಚು ಅತ್ತಷ್ಟೂ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದಳು. ಆದರೂ ಮಗು ಇನ್ನಷ್ಟು ಸೊರಗುತ್ತಲೇ ಹೋಯಿತು.

ಒಂದು ರಜೆಯ ದಿನ ಅವಳು ಮಗುವಿನ ಅಂಗೈಗೆ ಏನಾದರೂ ಮುಲಾಮು ಸಿಕ್ಕೀತೇ ಎಂದು ಮೂಡಿಗೆರೆಗೆ ಹೋದಳು. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ರಜನಿ ಕೂತಿದ್ದಳು. ಇಬ್ಬರೂ ಪಿಯುಸಿಯಲ್ಲಿ ಒಂದೇ ಕಾಲೇಜು. ರಜನಿ ಸೈನ್ಸ್ ತೆಗೆದುಕೊಂಡು, ಮುಂದೆ ಫಾರ್ಮಸಿ ಓದಿ, ಅಪ್ಪ ಜಯದೇವಪ್ಪನವರ ಅಂಗಡಿಯನ್ನೇ ನಡೆಸುತ್ತಿದ್ದಾಳೆ.

“ಏನ್ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ? ಬೇರೆ ಮೆಡಿಕಲ್‌ನವ್ರು ನಿಂಗೆ ಮಾತ್ರೆ ಜೊತೆ ಕಾಫಿನೂ ಕೊಡ್ತಾರೆ ಅಂತ ಕಾಣುತ್ತೆ.”

“ಟೈಮ್ ಎಲ್ಲಿ ಕಣೇ.”

“ಟೈಮಿಲ್ಲದವಳ ಮುಖ ಹೀಗೆ ಹೊಳೀತದಾ? ರಿಸೆಪ್ಶನ್ ಮೇಡಂ ನೋಡು. ಮೂಗುಬೊಟ್ಟು ಮಾತ್ರ ಎಲ್ಲೋ ಬೀಳಿಸ್ಕೊಂಡಿದೀಯ.”

ದೀಪಶ್ರೀ ಮೂಗು ಮುಟ್ಟಿಕೊಂಡಳು. “ಬಿದ್ದಿಲ್ಲ. ದಿನಾ ತೆಗೆದು ಹಾಕೋಕೆ ಪುರ್ಸೊತ್ತಾಗಲ್ಲ ಅಂತ ತೆಗೆದೇ ಇಟ್ಟಿದೀನಿ.”

“ದಿನಾ ಯಾಕೆ ತೆಗೀಬೇಕು?”

“ಒಂದು ಕ್ರೀಮ್ ಹಚ್ತೀನಿ. ಅದು ಚಿನ್ನಕ್ಕೆ ತಾಗಬಾರದಂತೆ.”

ರಜನಿಯ ನಗು ನಿಂತಿತು. ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಟ್ಟು ಕಳಿಸಿ, ಕೌಂಟರಿನ ಒಳಗೆ ಸ್ಟೂಲ್ ಎಳೆದು ಗೆಳತಿಯನ್ನು ಕೂರಿಸಿದಳು. ಕ್ರೀಮಿನ ಹೆಸರೇನು, ಡಬ್ಬಿಯ ಮೇಲೆ ಕಂಪನಿಯ ವಿಳಾಸ ಇದೆಯಾ, ಲೈಸೆನ್ಸ್ ನಂಬರ್ ಇದೆಯಾ, ಏನೇನು ಹಾಕಿದ್ದಾರೆಂದು ಬರೆದಿದೆಯಾ ಎಂದು ಕೇಳಿದಳು. ಯಾವುದೂ ಇರಲಿಲ್ಲ. ಆಮೇಲೆ ಮಗುವಿನ ವಿಷಯ ಕೇಳಿದಳು. ಕಾಲುನೋವು, ಬೆವರು, ಕೆಂಪು ಅಂಗೈ. ಯಾರಾದರೂ ಪೂರ್ತಿ ಕೇಳಿಸಿಕೊಂಡು ಎಷ್ಟು ದಿನವಾಗಿತ್ತೋ, ದೀಪಶ್ರೀ ಹೇಳುತ್ತಲೇ ಹೋದಳು.

“ಗಗನಾ ಯಾರ ಹತ್ರ ಮಲಗ್ತಾಳೆ?”

“ನನ್ನ ಹತ್ರನೇ. ಕೆನ್ನೆಗೆ ಕೆನ್ನೆ ಇಟ್ಟೇ ಮಲಗೋದು.”

ರಜನಿ ಅವಳ ಮೂಗಿನ ಕಡೆ ಬೆರಳು ತೋರಿಸಿದಳು. “ಚಿನ್ನಕ್ಕೆ ತಾಗಬಾರದು ಅಂತ ಮೂಗುಬೊಟ್ಟು ತೆಗೆದಿಟ್ಟೆ. ಮಗುವಿನ ಕೆನ್ನೆಗೆ ತಾಗಬಹುದಾ ಅಂತ ಯಾರನ್ನಾದ್ರೂ ಕೇಳಿದ್ಯಾ ದೀಪ?”

ದೀಪಶ್ರೀ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

“ಹಳೇ ಥರ್ಮಾಮೀಟರ್ ಒಡೆದ್ರೆ ಬೆಳ್ಳಿ ಗುಂಡಿನ ಹಾಗೆ ಉರುಳ್ತಿತ್ತಲ್ಲ, ಪಾದರಸ. ಅದು ಚಿನ್ನಕ್ಕೆ ತಾಗಿದ್ರೆ ಚಿನ್ನ ಬಿಳಿಚಿಕೊಳ್ತದೆ. ಬೇಗ ಬೆಳ್ಳಗೆ ಮಾಡೋ ಕೆಲವು ಕಳ್ಳ ಕ್ರೀಮುಗಳಲ್ಲಿ ಪಾದರಸದ ಲವಣ ಹಾಕ್ತಾರೆ. ಆಭರಣ ತೆಗೆದಿಡಿ ಅಂತ ಹೇಳಿದ್ರೆ ಮೊದ್ಲು ಅನುಮಾನ ಪಡ್ಬೇಕಾಗಿರೋದು ಪಾದರಸದ ಮೇಲೇ.”

“ನಂಗೇನೂ ಆಗಿಲ್ಲ. ರೇವತಿ ನನಗಿಂತ ಮುಂಚಿಂದ ಹಚ್ತಾಳೆ, ಅವಳಿಗೂ ಏನೂ ಆಗಿಲ್ಲ.”

“ಒಳಗೆ ಏನಾಗಿದೆ ಅಂತ ಪರೀಕ್ಷೆ ಮಾಡಿಸ್ದೆ ಗೊತ್ತಾಗಲ್ಲ. ಮತ್ತೆ, ನಿನ್ನ ತೂಕ ಎಷ್ಟು, ಗಗನಾ ತೂಕ ಎಷ್ಟು? ನೀನು ತಡ್ಕೊಳ್ಳೋದನ್ನ ಅವಳ ಮೈ ತಡ್ಕೊಳ್ಳುತ್ತಾ?”

ದೀಪಶ್ರೀ ಎದ್ದು ನಿಂತಳು. “ಎಲ್ರೂ ನಾನು ಹತ್ರ ಇಲ್ಲ ಅಂತ ಬೈದ್ರು. ನೀನು ಹತ್ರ ಇದ್ದಿದ್ದೇ ತಪ್ಪು ಅಂತೀಯ.”

“ಹತ್ರ ಇದ್ದಿದ್ದು ತಪ್ಪಲ್ಲ ಕಣೇ. ನಡುವೆ ಆ ಡಬ್ಬಿ ಇತ್ತು, ಅಷ್ಟೇ. ಮತ್ತೆ, ನಾನು ಡಾಕ್ಟ್ರಲ್ಲ. ನಂದು ಬರೀ ಅನುಮಾನ. ಡಬ್ಬಿ ಸಮೇತ ಮಗು ಕರ್ಕೊಂಡು ಶಶಿಧರ್ ಡಾಕ್ಟ್ರ ಹತ್ರ ಹೋಗು. ಡಬ್ಬಿ ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ತಗೊಂಡ್ಹೋಗು. ಎಲ್ಲೂ ಎಸೀಬೇಡ, ಸುಡಲೂಬೇಡ, ಅದರ ಹೊಗೆನೂ ವಿಷ.”

ಮನೆಗೆ ಬಂದು ಅವಳು ಡಬ್ಬಿಯನ್ನು ಅತ್ತೆಯ ಮುಂದೆ ಇಟ್ಟಳು. ಎಲ್ಲವನ್ನೂ ಹೇಳಿದಳು. ನಂಜಮ್ಮ ಡಬ್ಬಿಯನ್ನು ಕೈಗೆತ್ತಿಕೊಂಡು ಬಚ್ಚಲ ಒಲೆಯ ಕಡೆ ನಡೆದರು. ಮನೆಯಲ್ಲಿ ಬೇಡವಾದದ್ದೆಲ್ಲ ಹೋಗುವುದು ಅಲ್ಲಿಗೇ.

“ಬೇಡ ಅತ್ತೆ. ಬೆಂಕಿಗೆ ಹಾಕಿದ್ರೆ ಅದು ಹೊಗೆ ಜೊತೆ ಎಲ್ರ ಉಸಿರಿಗೂ ಹೋಗ್ತದೆ. ಕೊಡಿ, ಕೈ ಸೋಪು ಹಾಕಿ ತೊಳ್ಕೊಳ್ಳಿ.”

ನಂಜಮ್ಮ ಕೊಟ್ಟರು, ಆದರೆ ಒಪ್ಪಲಿಲ್ಲ. “ನೀನು ಮುಖಕ್ಕೆ ಹಚ್ಚಿದ್ದು ಮಗುವಿನ ಕಾಲಿಗೆ ಹೆಂಗೆ ಹೋಗ್ತದೆ? ಡಾಕ್ಟ್ರ ಹತ್ರ ನಾನೂ ಬರ್ತೀನಿ. ಅವ್ರ ಬಾಯಲ್ಲೇ ಹೇಳಿಸ್ತೀನಿ, ಮಗುಗೆ ತಾಯಿ ಬೇಕೋ ಬೇಡ್ವೋ ಅಂತ.”

ಮಕ್ಕಳ ಡಾಕ್ಟರ್ ಶಶಿಧರ್ ಗಗನಾಳ ಪುಟ್ಟ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಹೆಚ್ಚಿತ್ತು. ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದರು. ಡಬ್ಬಿಯನ್ನು ಕೇಳಿ ಪಡೆದರು. ಮಗುವಿನದ್ದೂ ತಾಯಿಯದ್ದೂ ರಕ್ತ, ಮೂತ್ರಗಳನ್ನು ಮಂಗಳೂರಿಗೆ ಪರೀಕ್ಷೆಗೆ ಕಳಿಸಲು ಬರೆದುಕೊಟ್ಟರು.

“ಡಾಕ್ಟ್ರೇ, ಇವಳು ಕೆಲ್ಸ ಬಿಟ್ರೆ ಮಗು ಸರಿಹೋಗಲ್ವಾ?” ನಂಜಮ್ಮ ಕೇಳಿಯೇಬಿಟ್ಟರು.

“ನಂಜಮ್ಮನವ್ರೆ, ಅನುಮಾನ ನಿಜ ಆದ್ರೆ, ಇವರು ಕೆಲಸ ಬಿಟ್ಟು ಮನೇಲೇ ಕೂತು ಅದೇ ಕ್ರೀಮ್ ಹಚ್ಕೊಂಡಿದ್ದಿದ್ರೆ ಮಗುಗೆ ಇನ್ನೂ ಜಾಸ್ತಿ ಅಂಟ್ತಿತ್ತು.” ಅವರು ನಿಧಾನವಾಗಿ ವಿವರಿಸಿದರು. ಮಗುವಿನ ಚರ್ಮ ತೆಳು. ತಾಯಿಯ ಕೆನ್ನೆಯಿಂದ, ದಿಂಬಿನಿಂದ, ಮುಖ ಒರೆಸಿದ ಟವೆಲಿನಿಂದ ಅದು ಮಗುವಿನ ಮೈಗೂ ಕೈಗೂ ಅಂಟುತ್ತದೆ. ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ರಕ್ತಕ್ಕೆ ಸೇರಿದ ಮೇಲೆ ಅದು ನರಗಳಿಗೂ ಮೂತ್ರಪಿಂಡಕ್ಕೂ ಹೋಗಿ ತೊಂದರೆ ಕೊಡುತ್ತದೆ. “ಹಚ್ಚಿದ ಜಾಗದಲ್ಲೇ ಉಳಿಯೋ ವಿಷ ಅಲ್ಲ ಇದು. ಇವತ್ತಿಂದಲೇ ನಿಲ್ಲಿಸಿ. ಹೊದಿಕೆ, ದಿಂಬಿನ ಚೀಲ, ಟವೆಲ್ ಎಲ್ಲ ಬೇರೆಯಾಗಿ ಒಗೀರಿ.”

ವರದಿ ಬರುವವರೆಗಿನ ದಿನಗಳು ದೀಪಶ್ರೀಗೆ ಎಲ್ಲಕ್ಕಿಂತ ಕಷ್ಟದವು. ಕ್ರೀಮು ಬಿಟ್ಟಿದ್ದಳು, ಬಟ್ಟೆಯೆಲ್ಲ ಒಗೆದಿದ್ದಳು, ಆದರೂ ಮಗುವನ್ನು ಮುಟ್ಟಲು ಹೆದರಿದಳು. ಮುಖವನ್ನು ಮತ್ತೆ ಮತ್ತೆ ತೊಳೆದಳು. ಗಗನಾ ನಡುಮನೆಯ ಚಾಪೆಯ ಮೇಲೆ ಕೂತು ಎರಡೂ ಕೈ ಚಾಚಿ ಕರೆದರೆ, ಇವಳು ಬಾಗಿಲ ಬಳಿಯೇ ನಿಂತು ಮಾತಾಡಿಸುತ್ತಿದ್ದಳು. ಮಗುವಿಗೆ ಅರ್ಥವಾಗುತ್ತಿರಲಿಲ್ಲ. ಕೈ ಹಾಗೇ ಚಾಚಿಕೊಂಡಿರುತ್ತಿತ್ತು.

ಎರಡು ದಿನ ಇದನ್ನು ನೋಡಿದ ನಂಜಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

“ಎತ್ಕ ಮಗುನ. ಡಾಕ್ಟ್ರು ಹಚ್ಬೇಡ ಅಂದ್ರು, ಎತ್ಕಬೇಡ ಅನ್ಲಿಲ್ಲ.”

“ಭಯ ಆಗ್ತದೆ ಅತ್ತೆ.”

“ನಂಗೂ ಆಗ್ತದೆ. ಎತ್ಕ.”

ವರದಿಯಲ್ಲಿ ಇಬ್ಬರ ದೇಹದಲ್ಲೂ ಪಾದರಸ ಇತ್ತು. ಮಗುವಿನಲ್ಲಿ ಇರಬಾರದಷ್ಟು ಇತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಚಿಕಿತ್ಸೆ ಕೊಟ್ಟರು. ರಾಜೀವ್ ರಜೆ ಹಾಕಿ ಬಂದ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಗಂಡಹೆಂಡತಿ ಎಷ್ಟೋ ವಾರಗಳ ನಂತರ ಅಕ್ಕಪಕ್ಕ ಕೂತರು.

“ನಂಗೆ ಹೇಳ್ಬಹುದಿತ್ತಲ್ಲ,” ಎಂದ ಅವನು.

“ಯಾವಾಗ ಹೇಳ್ಲಿ?” ಎಂದಳು ಅವಳು.

ಅಲ್ಲಿಂದಲೇ ಅವಳು ರೇವತಿಗೆ ಫೋನ್ ಮಾಡಿದಳು. ವರದಿಯ ವಿಷಯ ಹೇಳಿದಳು. ರೇವತಿ, “ಒಳ್ಳೇದಾಗ್ಲಿ ಅಂತ ಕೊಟ್ಟೆ ಅಕ್ಕ,” ಎಂದಳು. “ಗೊತ್ತು. ನೀನೂ ಪರೀಕ್ಷೆ ಮಾಡಿಸ್ಕೋ,” ಎಂದಳು ದೀಪಶ್ರೀ.

ಗಗನಾ ಒಮ್ಮೆಲೇ ಸರಿಹೋಗಲಿಲ್ಲ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಗೋಡೆ ಹಿಡಿದು ನಡೆಯಲು ವಾರಗಳೇ ಬೇಕಾದವು. ದೀಪಶ್ರೀಯ ಮುಖ ಮೊದಲಿನ ಬಣ್ಣಕ್ಕಿಂತ ತುಸು ಕಪ್ಪಾಯಿತು. ಕ್ರೀಮು ಬಿಟ್ಟಾಗ ಕೆಲಕಾಲ ಹಾಗಾಗಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು.

ಮಗುವಿಗಾಗಿ ಹಾಕಿದ್ದ ರಜೆ ಮುಗಿಯುವ ಮುನ್ನಾದಿನದ ಸಂಜೆ ದೀಪಶ್ರೀ, “ಅತ್ತೆ, ನಾನು ಕೆಲ್ಸಕ್ಕೆ ಹೋಗ್ಲಾ, ಬಿಡ್ಲಾ?” ಎಂದು ಕೇಳಿದಳು. ನಂಜಮ್ಮ ಮೊಮ್ಮಗಳಿಗೆ ಅನ್ನ ಕಲಸುತ್ತಿದ್ದರು. ತುತ್ತು ಕೊಟ್ಟು, ಅವಳು ನುಂಗುವವರೆಗೆ ಕಾದರು.

“ಹೋಗು. ಮಗುನ ನಾನು ನೋಡ್ಕತೀನಿ. ಆದ್ರೆ ಮನೆಗೆ ಬಂದ್ಮೇಲೆ ಸುಮ್ನೆ ಇರ್ಬೇಡ. ಏನಾಯ್ತು ಅಂತ ನಂಗೆ ಹೇಳು. ನಂಗೂ ಇಡೀ ದಿನ ಮಾತಾಡೋರಿಲ್ಲ.”

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮುಖಕ್ಕೆ ಹಚ್ಚುವ ಡಬ್ಬಿಯನ್ನು ತಿರುಗಿಸಿ ನೋಡಿ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಒಳಗೆ ಏನಿದೆ ಎಂಬ ವಿವರ ಇಲ್ಲದಿದ್ದರೆ ಹಚ್ಚಬೇಡಿ. ಕೆಲವೇ ದಿನಗಳಲ್ಲಿ ಬೆಳ್ಳಗೆ ಮಾಡುತ್ತೇನೆ ಎನ್ನುವುದನ್ನು ನಂಬಬೇಡಿ. ಆಭರಣ ತೆಗೆದಿಡಿ ಎಂದು ಹೇಳಿದರಂತೂ ಮನೆಗೇ ತರಬೇಡಿ. ಬಳಸಿಬಿಟ್ಟಿದ್ದರೆ ನಾಚಿಕೆಪಡಬೇಡಿ, ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ. ಒಲೆಗೂ ಚರಂಡಿಗೂ ಹಾಕದೆ ಬಿಗಿಯಾಗಿ ಕಟ್ಟಿ, ಏನು ಮಾಡಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೊಟ್ಟೆಯಲ್ಲಿ ಮಗು ಇರುವವರು, ಎದೆಹಾಲು ಕುಡಿಸುವವರು ಇನ್ನಷ್ಟು ಎಚ್ಚರ ವಹಿಸಿ.

ಇನ್ನೊಂದು ಕೆಲಸ ಎಲ್ಲರದ್ದು. ನಿಮ್ಮ ಕೇರಿಯಲ್ಲಿ ಕೈಮಗುವನ್ನು ಬಿಟ್ಟು ದುಡಿಯಲು ಹೋಗುವ ಒಬ್ಬ ತಾಯಿ ಇದ್ದೇ ಇರುತ್ತಾಳೆ. ಮಗು ಯಾಕೆ ಅಳುತ್ತದೆ ಎಂಬುದಕ್ಕೆ ಅವಳಿಗೆ ಕಾರಣ ಹೇಳಲು ಹೋಗಬೇಡಿ. ಕೂರಿಸಿ, ಅವಳು ಹೇಗಿದ್ದಾಳೆ ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ.