ಲಕ್ಕಪ್ಪ ಬರೆದ ಕಣ್ಣು

"ತುದಿ ಸಿಕ್ತೇನ?"

"ಇಲ್ರಿ ಕಾಕಾ."

"ಹೆಬ್ಬೆರಳಿಂದ ಸವರಿ ನೋಡು. ಒಂದ ಬದಿ ನುಣ್ಣಗ ಇರ್ತೈತಿ, ಇನ್ನೊಂದ ಬದಿ ಜಿಗಟ. ಜಿಗಟ ಬದಿ ಮುಟ್ಟಬ್ಯಾಡ."

"ಮುಟ್ಟಲಾರದ ಅದು ಜಿಗಟ ಐತಿ ಅಂತ ಹೆಂಗ ತಿಳೀಬೇಕ್ರಿ?"

ಬಾಗಿಲ ಆಚೆ ಲಕ್ಕಪ್ಪ ಹಲ್ಲಿಲ್ಲದ ಬಾಯಲ್ಲಿ ನಕ್ಕದ್ದು ಕೇಳಿಸಿತು. ಅನ್ನಪೂರ್ಣಾ ನಗಲಿಲ್ಲ. ಮೂಡಲಗಿಯ ಆ ಮನೆಯ ಬಚ್ಚಲಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಇಪ್ಪತ್ತೆಂಟು ವರ್ಷ ಹಳೆಯ ಫಿಲ್ಮ್ ರೋಲಿನ ತುದಿಯನ್ನು ಬೆರಳಿನಿಂದ ಹುಡುಕುತ್ತಿದ್ದಳು. ಹೊರಗೆ ಹನ್ನೆರಡು ಗಂಟೆಯ ಬಿಸಿಲು. ಒಳಗೆ ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಕಿಂಡಿಗೊಂದು, ಬಾಗಿಲಿಗೊಂದು ಕೌದಿ ಬಿಗಿದಿದ್ದರು. ಯಾರ ಯಾರದೋ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಗಳು, ಅವುಗಳ ವಾಸನೆ ಮೂಗಿಗೆ ಅಡರುತ್ತಿತ್ತು.

"ಮಾವಾರ, ಅಕ್ಕಾರು ಇನ್ನೂ ಎಷ್ಟೊತ್ತ ಇರ್ತಾರ್ರಿ ಒಳಗ?" ಲಕ್ಕಪ್ಪನ ಸೊಸೆ ಮಾಲಾ ಕೇಳಿದಳು. "ನನ್ನ ಒಗಿಯೂ ಅರಬಿ ಎಲ್ಲಾ ಒಳಗ ನೆನದು ಕುಂತಾವ."

"ನೆನೀಲಿ ಬಿಡ. ಇಪ್ಪತ್ತೆಂಟ ವರ್ಷ ಒಣಗಿ ಕುಂತದ್ದೊಂದ ಇವತ್ತ ನೆನೀಬೇಕಾಗೇತಿ."

"ಸಿಕ್ತರಿ ಕಾಕಾ!"

"ಹಾಂ. ಚಕ್ರದ ಬಾಯಾಗ ಹೊಗಸು. ಗುದ್ದಾಡಬ್ಯಾಡ. ದನಕ್ಕ ದಾರಿ ತೋರಿಸಿದಂಗ ತೋರಸು, ತಾನ ಹೋಗತೈತಿ."

ಈ ಕೆಲಸ ಲಕ್ಕಪ್ಪನೇ ಮಾಡಬೇಕಿತ್ತು. ಆದರೆ ನಾಲ್ಕು ವರ್ಷದಿಂದ ಅವನ ಕೈ ನಡುಗುತ್ತವೆ. ಚಹಾ ಬಸಿಯಲ್ಲಿ ಕುಡಿದರೆ ಅರ್ಧ ಅಂಗಿಗೆ, ಅರ್ಧ ಹೊಟ್ಟೆಗೆ. ಗೋಕಾಕದಲ್ಲಿದ್ದ ಅವನ ಫೋಟೋ ಸ್ಟುಡಿಯೋದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮಗ ಬಾಳೇಶ ಮೂಡಲಗಿಯಲ್ಲಿ ಫ್ಲೆಕ್ಸ್ ಅಂಗಡಿ ಹಾಕಿದ ಮೇಲೆ ಅಪ್ಪನೂ ಇಲ್ಲಿಗೇ ಬಂದ. ಅನ್ನಪೂರ್ಣಾ ಹುಕ್ಕೇರಿಯಿಂದ ಗೋಕಾಕಕ್ಕೆ ಬಂದು, ಮೊಬೈಲ್ ಕವರಿನವನ ಹತ್ತಿರ ವಿಳಾಸ ಕೇಳಿಕೊಂಡು, ಅರ್ಧ ಕೆ.ಜಿ. ಕರದಂಟು ಕಟ್ಟಿಸಿಕೊಂಡು, ಮೊದಲ ಸಲ ಇಲ್ಲಿಗೆ ಬಂದದ್ದು ಹದಿನೈದು ದಿನದ ಹಿಂದೆ. "ಹಲ್ಲಿಲ್ದಾಂವಗ ಕರದಂಟ ತಂದಿ, ಭೇಷ್," ಎಂದಿದ್ದ ಲಕ್ಕಪ್ಪ. "ಮುತ್ತಪ್ಪನ ಮಗಳ ಅಂತ ಹೇಳೂದ ಬ್ಯಾಡ, ತಿಳೀತು."

ಅವಳ ಅಪ್ಪ ಮುತ್ತಪ್ಪ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಫೋಟೋಗ್ರಾಫರ್ ಆಗಿದ್ದ. ನಿಂಬೆಗೆ ಬರುವ ಕಜ್ಜಿ, ಪೇರಲಕ್ಕೆ ಬರುವ ಹುಳ, ಇವೆಲ್ಲ ಪಾಠದಲ್ಲಿ ತೋರಿಸಲು ಸ್ಲೈಡು ಮಾಡುವುದು ಅವನ ಕೆಲಸ. ಬಣ್ಣದ ರೋಲು ದೊಡ್ಡ ಸಾಹೇಬರ ಕೈಗೆ ಹೋಗುತ್ತಿತ್ತು, ಕಪ್ಪು-ಬಿಳುಪಿನದು ಇವನಿಗೆ ಉಳಿಯುತ್ತಿತ್ತು. ರವಿವಾರ ಪ್ರೊಜೆಕ್ಟರನ್ನು ಮನೆಗೆ ತಂದು, ಕಿಟಕಿ ಮುಚ್ಚಿ, ಹೊಸ ಸ್ಲೈಡುಗಳನ್ನು ಹೆಂಡತಿ ಮಗಳಿಗೆ ತೋರಿಸುತ್ತಿದ್ದ. ಪರದೆ ಇರಲಿಲ್ಲ. ಹೆಂಡತಿ ಶೈಲಾ ಅವನ ಬಿಳಿ ಪಂಜೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಅದರ ಹಿಂದೆ ನಿಲ್ಲುತ್ತಿದ್ದಳು. ಅನ್ನಪೂರ್ಣಾಗೆ ತಾಯಿಯ ನೆನಪೆಂದರೆ ಅಷ್ಟೇ: ಬಾಗಿಲಿನಷ್ಟು ದೊಡ್ಡ ಒಂದು ನಿಂಬೆಹಣ್ಣು, ಅದರ ಎರಡೂ ಅಂಚಿಗೆ ನಾಲ್ಕು ನಾಲ್ಕು ಬೆರಳು.

ಮುಖ ಇಲ್ಲ. ಅವಳಿಗೆ ನಾಲ್ಕು ವರ್ಷ ಇದ್ದಾಗ ಶೈಲಾ ಕಾಮಣಿ ರೋಗ ಬಂದು ತೀರಿಹೋದಳು. ಕುಂಬಾರನ ಮನೆಯಲ್ಲಿ ಒಡಕು ಗಡಿಗೆ ಅಂದ ಹಾಗೆ, ಫೋಟೋಗ್ರಾಫರನ ಹೆಂಡತಿಗೆ ಫೋಟೋ ಇರಲಿಲ್ಲ. ಮದುವೆಯ ಮೂರು ಫೋಟೋದಲ್ಲಿ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ನಿಂತಿದ್ದಾಳೆ. ಗೋಡೆಯ ಮೇಲಿದ್ದದ್ದು ತೀರಿಕೊಂಡ ದಿನ ತೆಗೆದದ್ದು.

ಈ ಕಡೆ ಲಿಂಗಾಯತರ ಮನೆಯಲ್ಲಿ ಯಾರಾದರೂ ಹೋದರೆ, ಮಣ್ಣಿಗೆ ಒಯ್ಯುವ ಮುಂಚೆ ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ ಒಂದು ಫೋಟೋ ತೆಗೆಸುತ್ತಿದ್ದರು. ಎಷ್ಟೋ ಮಂದಿಗೆ ಅದೇ ಮೊದಲನೆಯ ಫೋಟೋ. ಆದರೆ ಕಣ್ಣು ಮುಚ್ಚಿದವರನ್ನು ದಿನಾ ಗೋಡೆಯ ಮೇಲೆ ನೋಡುವುದು ಯಾರಿಗೆ ಬೇಕು? ಹೀಗಾಗಿ ಲಕ್ಕಪ್ಪ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದುಕೊಡುತ್ತಿದ್ದ. ಅದಕ್ಕೆ ಕಣ್ಣು ತೆರೆಸೋದು ಅನ್ನುತ್ತಿದ್ದರು. ಸುತ್ತಲಿನ ಮೂರು ತಾಲೂಕಿನಲ್ಲಿ ಅವನಷ್ಟು ಚಂದ ತೆರೆಸುವವರು ಇನ್ನೊಬ್ಬರಿರಲಿಲ್ಲ. ಶೈಲಾಳ ಕಣ್ಣೂ ಅವನೇ ತೆರೆಸಿದ್ದು.

ಅನ್ನಪೂರ್ಣಾ ಆ ಕಣ್ಣು ನೋಡುತ್ತಲೇ ಬೆಳೆದಳು. ಪರೀಕ್ಷೆಗೆ ಹೋಗುವಾಗ ಆ ಕಣ್ಣಿಗೇ ಕೈ ಮುಗಿದಳು. ಹುಕ್ಕೇರಿಯ ಹೈಸ್ಕೂಲಿಗೆ ಮಾಸ್ತರಿಣಿಯಾಗಿ ಬಂದ ಮೊದಲ ವರ್ಷ, ಕಾಯಿಲೆ ಬಿದ್ದ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಅವರ ಮನೆಗೆ ಹೋಗಿದ್ದಳು. ಪಡಸಾಲೆಯ ಗೋಡೆಯಿಂದ ಅನ್ನಪೂರ್ಣಾಳ ತಾಯಿ ಅವಳನ್ನೇ ನೋಡುತ್ತಿದ್ದಳು. ಅದೇ ಕಣ್ಣು, ಅದೇ ರೆಪ್ಪೆ, ಎಡಗಣ್ಣಿನ ಮೂಲೆಯಲ್ಲಿ ಅದೇ ಬಿಳಿ ಚುಕ್ಕೆ. ಕೆಳಗೆ ಮಾತ್ರ ಬಿಳಿ ಮೀಸೆ, ತಲೆಗೆ ರುಮಾಲು. ಹುಡುಗಿಯ ಮುತ್ತಜ್ಜ. ಆಮೇಲೆ ಆ ಕಣ್ಣು ಎಲ್ಲೆಲ್ಲೂ ಕಾಣತೊಡಗಿತು. ಗೋಕಾಕದ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಘಟಪ್ರಭಾದ ಬೀಗರ ಮನೆಯಲ್ಲಿ, ಒಮ್ಮೆ ಅವಳಿ-ಜವಳಿ ಮುದುಕಿಯರ ಫೋಟೋದಲ್ಲಿ ನಾಲ್ಕೂ ಒಟ್ಟಿಗೆ.

ಮೊದಲ ಭೇಟಿಯಲ್ಲೇ ಕೇಳಿದ್ದಳು. "ಎಲ್ಲಾರಿಗೂ ಒಂದ ನಮೂನಿ ಕಣ್ಣ ಯಾಕ ಬರದ್ರಿ ಕಾಕಾ?"

ಲಕ್ಕಪ್ಪ ಮುಚ್ಚಿಡಲಿಲ್ಲ. "ಮಣ್ಣ ಮಾಡಿ ಬಂದ ಮಂದೀನ ಕಣ್ಣ ಹೆಂಗಿದ್ದೂ ಅಂತ ಕೇಳಿದ್ರ ಅಳತಾರ, ಹೇಳೂದಿಲ್ಲ. ನನಗ ಬರೂದು ಒಂದ ಜೋಡಿ. ಅದನ್ನ ಬರದ್ನಿ."

ಅಪ್ಪ ಹೋದ ವರ್ಷ ತೀರಿಕೊಂಡ. ಪ್ರೊಜೆಕ್ಟರಿನ ಪೆಟ್ಟಿಗೆಯ ತಳದಲ್ಲಿ ಈ ರೋಲು ಸಿಕ್ಕಿತು. ಮೇಲೆ ಅವನ ಅಕ್ಷರದಲ್ಲಿ ಚೀಟಿ: 'ಶೈಲಾ. ಮಾರ್ಚ್ 97. ಮುಂಬೈಗೆ.' ಕಪ್ಪು-ಬಿಳುಪಿನ ಸ್ಲೈಡು ರೋಲು ತೊಳೆಯುವ ಲ್ಯಾಬು ಮುಂಬೈಯಲ್ಲಿ ಮಾತ್ರ ಇತ್ತು. ಅಲ್ಲಿಗೆ ಕಳಿಸುವ ಮುಂಚೆ ಅವಳು ತೀರಿಕೊಂಡಳು, ಆಮೇಲೆ ಕಳಿಸಲು ಅವನಿಗೆ ಮನಸ್ಸಾಗಲಿಲ್ಲವೋ ಏನೋ. ಮುಂಬೈಯ ಆ ಲ್ಯಾಬು ಯಾವತ್ತೋ ಮುಚ್ಚಿತ್ತು. ಅನ್ನಪೂರ್ಣಾ ಇನ್ನೂ ನಾಲ್ಕು ಕಡೆ ಕೇಳಿ ನೋಡಿದಳು. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಲ್ಯಾಬಿನವರು ಇಂಥ ಫಿಲ್ಮು ಇದೆಯೆಂದೇ ನಂಬಲಿಲ್ಲ. ನಾಲ್ಕನೆಯದು ಸ್ಲೈಡು ಆಗುವುದಿಲ್ಲ, ಬೇಕಾದರೆ ನೆಗೆಟಿವ್ ಮಾಡಿಕೊಡುತ್ತೇವೆ ಅಂದಿತು.

"ನೆಗೆಟಿವ್ ಮಾಡಸು, ಅದಕ್ಕ ಕೆಡೂ ಅಂಜಿಕಿ ಇಲ್ಲ," ಅಂತ ಲಕ್ಕಪ್ಪನೂ ಹೇಳಿದ್ದ. ಒಂದು ಕಾಲಕ್ಕೆ ಗೋಕಾಕದ ಟಾಕೀಜಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಬರುತ್ತಿದ್ದ ಅಂಗಡಿ ಜಾಹೀರಾತಿನ ಸ್ಲೈಡುಗಳನ್ನೆಲ್ಲ ಅವನೇ ಮಾಡುತ್ತಿದ್ದ. "ಸ್ಲೈಡ್ ಅಂದ್ರ ಮದ್ಲ ಬಂದ ಚಿತ್ರ ಸುಟ್ಟ ಹಾಕಬೇಕು. ಉಳದದ್ರಾಗ ಇನ್ನೊಂದ ಎಬ್ಬಸಬೇಕು. ನಡುವ ಕೆಟ್ರ ಅದೂ ಇಲ್ಲ, ಇದೂ ಇಲ್ಲ."

"ಪಂಜೆ ಮ್ಯಾಲ ಬಿಟ್ಟ ನೋಡಬೇಕರಿ ನಾ. ಅಪ್ಪ ಬಿಡತಿದ್ದನಲ್ಲ, ಹಂಗ. ಆಕಿ ಖರೆ ಕಣ್ಣ ನೋಡಬೇಕು."

ಲಕ್ಕಪ್ಪ ಬಾಳೇಶನನ್ನು ಕರೆದು ಒಂದೊಂದೇ ಸಾಮಾನು ಹೇಳಿದ. ಘಟಪ್ರಭಾದಲ್ಲಿ ಹಲ್ಲಿನ ಡಾಕ್ಟರೊಬ್ಬರು ಇನ್ನೂ ಹಳೆಯ ಎಕ್ಸ್‌ರೇ ಇಟ್ಟಿದ್ದರು, ಅಲ್ಲಿಂದ ಎರಡು ಬಾಟಲಿ ಔಷಧ ಬಂತು. ಬಾವಿಗೆ ಹಾಕುವ ಪರ್ಮಾಂಗನೇಟು, ಟ್ರ್ಯಾಕ್ಟರ್ ಬ್ಯಾಟರಿಯ ಆ್ಯಸಿಡ್ಡು. ಕೊನೆಗೆ ಕಬ್ಬಿನ ಗಾಣದಿಂದ ಒಂದು ಪೊಟ್ಟಣ ಬಿಳಿ ಪುಡಿ, ಬೆಲ್ಲ ಬೆಳ್ಳಗಾಗಲಿ ಅಂತ ಕೊಪ್ಪರಿಗೆಗೆ ಹಾಕುತ್ತಾರಲ್ಲ, ಅದು. "ಬೆಲ್ಲಕ್ಕ ಬಿಳೂಪ ಮಾಡತೈತಿ, ಫಿಲ್ಮಿಗೆ ಕಪ್ಪ ಮಾಡತೈತಿ. ಅದರ ಬುದ್ಧಿ ಯಾರಿಗೆ ಗೊತ್ತು," ಅಂದಿದ್ದ.

ಈಗ ಫಿಲ್ಮು ಸುತ್ತಿದ ಚಕ್ರ ಡಬ್ಬಿಯೊಳಗೆ ಸೇರಿ, ಮುಚ್ಚಳ ಬಿಗಿಯಾಗಿತ್ತು. ಕೌದಿ ಇಳಿದವು. ಬೆಳಕಿಗೆ ಅನ್ನಪೂರ್ಣಾಳ ಕಣ್ಣು ಕುಕ್ಕಿತು. ಹಿತ್ತಲ ಕಟ್ಟೆಯ ಮೇಲೆ ಲಕ್ಕಪ್ಪ ಗಡಿಯಾರ ಹಿಡಿದು ಕೂತ, ಅವಳು ಸುರುವಿದಳು, ಅಲುಗಾಡಿಸಿದಳು, ಚೆಲ್ಲಿದಳು. ಎಕ್ಸ್‌ರೇ ಔಷಧ. ನೀರು. ಆಮೇಲೆ ನೇರಳೆ ಬಣ್ಣದ ಸುಡುವ ನೀರು.

"ಈಗ ಮದಲಿನ ಚಿತ್ರ ಹೋತು," ಅಂದ ಲಕ್ಕಪ್ಪ.

ಅವಳ ಕೈ ಅರೆಕ್ಷಣ ನಿಂತಿತು. ಡಬ್ಬಿಯ ಒಳಗೆ ತಾಯಿ ಈಗಷ್ಟೇ ಬಂದಿದ್ದಳು, ಈಗಷ್ಟೇ ಹೋದಳು.

ತೊಳೆದಾದ ಮೇಲೆ ಲಕ್ಕಪ್ಪ ಹೇಳಿದ. "ಮುಚ್ಚಳ ತಗಿ. ಬಿಸಲಿಗೆ ಹಿಡಿ."

"ಬಿಸಲಿಗೇನ್ರಿ?"

"ಬಿಸಲಿಗ. ಈ ಪುಡಿ ಇದ್ರ ಬೇಕಂತಿಲ್ಲ, ಆದ್ರೂ ಇರ್ಲಿ. ಹಳೇ ಫಿಲ್ಮು."

ಫಿಲ್ಮಿಗೆ ಬೆಳಕು ತಾಕಿಸಬಾರದು ಅಂತ ಕೈಗೆ ಹೊಡೆದು ಕಲಿಸಿದ್ದ ಅಪ್ಪ. ಅವಳು ಒದ್ದೆ ಪಟ್ಟಿಯನ್ನು ಎತ್ತಿ ಹಿಡಿದಳು. ಹಾಲಿನ ಕೆನೆಯಂತೆ ಬೆಳ್ಳಗೆ, ಏನೂ ಇರಲಿಲ್ಲ. ಮಾಲಾ ಅರಬಿ ಹಿಂಡುವುದು ಬಿಟ್ಟು ಬಂದು ನಿಂತಳು. "ಎಲ್ಲಾ ತೊಳದ ಹೋತಲ್ಲ್ರಿ ಅಕ್ಕಾರ," ಅಂದಳು, ಪಾಪ, ಅವಳಿಗೆ ನಿಜವಾಗಿ ಕೆಡುಕೆನಿಸಿತ್ತು.

ಗಾಣದ ಪುಡಿ ಕದಡಿದ ನೀರಿನಲ್ಲಿ ಪಟ್ಟಿ ಕಪ್ಪಾಗತೊಡಗಿತು. ಆಮೇಲೆ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ, ಆಮೇಲೆ ಕೊಡಗಟ್ಟಲೆ ನೀರು. ಮಾಲಾ ಅರಬಿ ಒಣಹಾಕುವ ತಂತಿಗೆ, ಅವಳದೇ ಬಟ್ಟೆ ಚಿಮಟಿಯಿಂದ ಸಿಕ್ಕಿಸಿದರು. ತುದಿಗಳೆರಡೂ ಮಸಿ. ನಡುವೆ ಪೇರಲ ಎಲೆ, ಹುಳ, ಪೇರಲ ಎಲೆ. ಆಮೇಲೆ ಒಬ್ಬ ಹೆಂಗಸು.

ಮೂರು ಸ್ಲೈಡು. ಮೊದಲನೆಯದರಲ್ಲಿ ಬೆನ್ನು. ಎರಡನೆಯದರಲ್ಲಿ ಒಲ್ಲೆನೆಂದು ಅಡ್ಡ ಹಿಡಿದ ಅಂಗೈ. ಮೂರನೆಯದರಲ್ಲಿ ಅವಳು ಬಿಸಿಲಿನಲ್ಲಿ ಪಂಜೆ ಒಣಹಾಕುತ್ತಿದ್ದಾಳೆ. ಅಂಚಿಗೆ ಆ ನಾಲ್ಕು ಬೆರಳು, ಅನ್ನಪೂರ್ಣಾ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಕ್ಯಾಮೆರಾದ ಹಿಂದಿದ್ದವನು ಏನೋ ಚೇಷ್ಟೆ ಮಾಡಿರಬೇಕು, ಶೈಲಾ ಇಡೀ ಮುಖದಿಂದ ನಗುತ್ತಿದ್ದಾಳೆ. ಮುಂದಿನ ಹಲ್ಲೊಂದು ತುಸು ಸೊಟ್ಟ, ಅನ್ನಪೂರ್ಣಾಳದರಂತೆಯೇ. ನಗುವಿನ ರಭಸಕ್ಕೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿವೆ.

ಲಕ್ಕಪ್ಪ ಭೂತಗನ್ನಡಿ ಹಿಡಿದು ನೋಡಿದ. ಕನ್ನಡಿ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡು ಮತ್ತೆ ನೋಡಿದ.

"ಕಣ್ಣ ಮುಚ್ಯಾಳ," ಅಂದ.

ಅನ್ನಪೂರ್ಣಾ ತಂತಿಯ ಮುಂದಿನಿಂದ ಕದಲಲಿಲ್ಲ.

"ಚಿಂತಿ ಮಾಡಬ್ಯಾಡವಾ. ಬಾಳೇಶಗ ಹೇಳಿ ದೊಡ್ಡ ಪ್ರಿಂಟ್ ತಗಸೂಣು. ನಾ ಕಣ್ಣ ತೆರಸ್ತೇನಿ. ಕುಂಚ ಇನ್ನೂ ಪೆಟಗ್ಯಾಗ ಇಟ್ಟೇನಿ. ಕೈ ನಡಗತಾವ ಖರೆ, ಕುಂಚ ಹಿಡದ್ರ ನಡಗೂದಿಲ್ಲ ನೋಡು." ಗಾಳಿಯಲ್ಲಿ ಒಂದು ರೆಪ್ಪೆಯ ಗೆರೆ ಎಳೆದು ತೋರಿಸಿದ. ಆ ಗೆರೆ ಎಳೆಯುವಷ್ಟು ಹೊತ್ತು ಕೈ ನಿಜಕ್ಕೂ ನಡುಗಲಿಲ್ಲ. "ಈ ಸಲ ಬ್ಯಾರೇನ ಬರೀತೇನಿ. ನಿನ್ನ ಕಣ್ಣ ನೋಡಿ ಬರೀತೇನಿ."

"ಹೂಂ ಅನ್ರಿ ಅಕ್ಕಾರ," ಮಾಲಾ ಅಂದಳು. "ನಾಕ ವರ್ಷ ಆತು, ಕುಂಚ ಮುಟ್ಟಿಲ್ಲ ಮಾವಾರು."

ಅನ್ನಪೂರ್ಣಾ ಚಿಮಟಿ ಬಿಡಿಸಿ, ಪಟ್ಟಿಯ ಅಂಚುಗಳನ್ನಷ್ಟೇ ಹಿಡಿದು ಎದೆಯ ಹತ್ತಿರ ತಂದುಕೊಂಡಳು.

"ಬ್ಯಾಡ್ರಿ ಕಾಕಾ."

"ಎರಡ ಗೆರಿ ಅಷ್ಟ ಯವ್ವಾ."

"ಒಂದ ಗೆರೀನೂ ಬ್ಯಾಡ್ರಿ."