ಕಿನುಕೊ ಓಡಿಸುತ್ತಿದ್ದ ಕಾರು

ಮಿನೆಗಿಶಿಯ ಗ್ಯಾರೇಜು ಊರಾಚೆ, ಕಡಲ ದಂಡೆಯ ರಸ್ತೆಯಲ್ಲಿತ್ತು. ಅರವತ್ತು ದಾಟಿದ ಒಂಟಿ ಜೀವ. ಮೂರು ನಾಲ್ಕು ದಿನ ಯಾರೊಡನೆಯೂ ಮಾತಿಲ್ಲದೆ ಕಳೆಯುವುದು ಅವನಿಗೆ ರೂಢಿಯಾಗಿಹೋಗಿತ್ತು. ವರ್ಷಕ್ಕೊಮ್ಮೆ, ಹಿಮ ಕರಗಿದ ಮೇಲೆ, ಕಿನುಕೊ ತನ್ನ ಕೆಂಪು ಕಾರು ತರುತ್ತಿದ್ದಳು. ಅವನು ಎಂಜಿನ್ ನೋಡಿ ಮುಗಿಸುವವರೆಗೂ ಪಕ್ಕದಲ್ಲೇ ಕೂತು ಹರಟುತ್ತಿದ್ದಳು.

ಈ ಸಲ ಕಾರಿನಿಂದಿಳಿದವನು ಅವಳ ಗಂಡ ಕುಡೊ, ಅಂಚೆ ಕಚೇರಿಯಿಂದ ನಿವೃತ್ತನಾದವನು.

"ಎಂಜಿನ್ ಕೆಟ್ಟಿದೆ ಮೇಸ್ತ್ರಿ. ಅವಳು ಬೆಟ್ಟ ಹತ್ತಿ ಬರೋವಾಗ ಒಂದು ಗರ್ಜನೆ ಮನೇಲಿ ಕೂತವನಿಗೂ ಕೇಳ್ತಿತ್ತು. ನನ್ನ ಕೈಲಿ ಅದು ಬರ್ತಾನೇ ಇಲ್ಲ."

"ಅವರೇ ಬರಬಹುದಿತ್ತಲ್ಲ?"

"ಫೆಬ್ರವರಿಯಲ್ಲಿ ತೀರಿಕೊಂಡಳು. ಹೃದಯಾಘಾತ."

ಮಿನೆಗಿಶಿ ಬಾನೆಟ್ ಎತ್ತಿ ಬಗ್ಗಿದ. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿದ. ಒಂದೊಂದು ಸಿಲಿಂಡರಿಗೂ ಮೂರು ಮೂರರ ಗುಂಪಾಗಿ, ಕವಾಟಗಳನ್ನು ಒತ್ತಿ ತೆರೆಯುವ ರಾಕರ್ ತೋಳುಗಳು. ನಿಧಾನ ಓಟದಲ್ಲಿ ನಡುವಿನದು ತನ್ನಷ್ಟಕ್ಕೆ ಆಡುತ್ತದೆ. ವೇಗ ಏರಿದಾಗ ಎಣ್ಣೆಯ ಒತ್ತಡಕ್ಕೆ ಒಳಗಿನ ಪಿನ್ನು ಸರಿದು ಮೂರನ್ನೂ ಒಂದಾಗಿ ಹಿಡಿಯುತ್ತದೆ. ಗರ್ಜನೆ ಬರುವುದು ಆಗಲೇ. ಅವನು ಪಿಸ್ಟನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತಂದು, ನಡುವಿನ ತೋಳನ್ನು ಬೆರಳಿಂದ ಒತ್ತಿ ನೋಡಿದ. ಅಕ್ಕಪಕ್ಕದವು ಅಲುಗಲಿಲ್ಲ, ನಡುವಿನದು ಮಾತ್ರ ಸಲೀಸಾಗಿ ತಗ್ಗಿತು. ಎಣ್ಣೆಯ ಬದಲು ಗಾಳಿಯ ಒತ್ತಡ ಕೊಟ್ಟಾಗ ಮೂರೂ ಒಂದಾದವು. ನಾಲ್ಕು ಸಿಲಿಂಡರಿನಲ್ಲೂ ಅಷ್ಟೇ. ಒಂದೂ ಸವೆದಿರಲಿಲ್ಲ. ಕೆಲಸ ಮುಗಿಯಬಾರದೆಂದು ಎರಡನೇ ಸಲವೂ ನೋಡಿದ.

"ಎಂಜಿನ್ನಿಗೆ ಏನೂ ಆಗಿಲ್ಲ ಕುಡೊ ಅವರೇ. ನೀವು ಗೇರು ಬೇಗ ಬದಲಾಯಿಸ್ತೀರಿ. ಎಂಜಿನ್ ಸುತ್ತು ತೋರಿಸೋ ಮುಳ್ಳು ಆರು ಸಾವಿರ ಮುಟ್ಟೋಕೆ ಬಿಡಬೇಕು."

"ಆರು ಸಾವಿರನಾ? ನನ್ನ ಹತ್ರ ನಿಧಾನಕ್ಕೆ ಓಡಿಸ್ತೀನಿ ಅಂತಿದ್ದಳು."

ಇಬ್ಬರೂ ಹೊರಟರು. ಏರಿನಲ್ಲಿ ಕುಡೊ ಗೇರಿಗೆ ಕೈ ಹಾಕಿದಾಗಲೆಲ್ಲ ಮಿನೆಗಿಶಿ, "ತಡೀರಿ, ಇನ್ನೂ ತಡೀರಿ," ಎನ್ನುತ್ತಿದ್ದ. ಗರ್ಜನೆ ಬಂತು. ಕುಡೊ ಬೆಚ್ಚಿ ಕಾರನ್ನು ಬದಿಗೆ ನಿಲ್ಲಿಸಿದ.

"ಇದಲ್ಲ," ಎಂದ. "ದೂರದಿಂದ ಕೇಳಿದ್ರೆ ಬೇರೆ ಥರ ಇತ್ತು."

"ಹಾಗಾದ್ರೆ ನೀವು ಮನೇಲಿಳೀರಿ. ನಾನು ಕೆಳಗೆ ಹೋಗಿ ಓಡಿಸ್ಕೊಂಡು ಬರ್ತೀನಿ."

ಮಿನೆಗಿಶಿ ತಿರುವುಗಳನ್ನೆಲ್ಲ ಆ ಸದ್ದಿನಲ್ಲೇ ಹತ್ತಿ ಬಂದ. ಕುಡೊ ಗೇಟಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಒಳಗೆ ಕರೆದೊಯ್ದ. ಮಿನೆಗಿಶಿ ಕಿನುಕೊಳ ಪಟದ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದ.

"ತುಂಬ ಮೌನದ ಹೆಂಗಸು," ಎಂದ ಕುಡೊ. "ನಲವತ್ತು ವರ್ಷದಲ್ಲಿ ನನ್ನ ಹತ್ರ ಹತ್ತು ನಿಮಿಷ ಒಂದೇ ಸಮನೆ ಮಾತಾಡಿದವಳಲ್ಲ. ನಿಮ್ಮಲ್ಲಿ ಬಂದಾಗ ಏನಾದ್ರೂ ಹೇಳ್ತಿದ್ದಳಾ?"

ಮಿನೆಗಿಶಿ ಪಟವನ್ನೇ ನೋಡಿದ. ವರ್ಷವರ್ಷವೂ ಅವಳು ಹರಟಿದ್ದೆಲ್ಲ ನೆನಪಾಯಿತು.

"ಇಲ್ಲ," ಎಂದ. "ಸುಮ್ಮನೆ ಕೂತಿರ್ತಿದ್ರು."

ಕುಡೊಗೆ ಸಮಾಧಾನವಾದಂತಿತ್ತು. ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದ. ಮಿನೆಗಿಶಿ ಬೇಡವೆಂದು, ಕಡಲಗಾಳಿಗೆ ಕಾಲರ್ ಎತ್ತಿಕೊಂಡು, ಒಬ್ಬನೇ ಇಳಿಜಾರಿನಲ್ಲಿ ನಡೆದುಹೋದ.